ಗರ್ಭಿಣಿಯರಲ್ಲಿ ರಕ್ತಹೀನತೆ

ಗರ್ಭಿಣಿಯರಲ್ಲಿ ರಕ್ತಹೀನತೆ ಎಂದರೆ ಬಸಿರಿನ ಅವಧಿಯಲ್ಲಿ ತಾಯಿಯ ರಕ್ತದಲ್ಲಿರುವ ಹಿಮೋಗ್ಲೋಬಿನ್ ಪ್ರಮಾಣವು ಇರಬೇಕಾದ ಮಟ್ಟಕ್ಕಿಂತ ಕೆಳಗಿಳಿಯುವ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ 11 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇರುವ ಗರ್ಭಿಣಿಯನ್ನು ರಕ್ತಹೀನತೆ ಉಳ್ಳವರೆಂದು ಪರಿಗಣಿಸಲಾಗುತ್ತದೆ. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಗರ್ಭಾವಸ್ಥೆಯ ನಡುವಿನ ಮೂರು ತಿಂಗಳಿಗೆ ಈ ಗಡಿಯನ್ನು 10.5 ಗ್ರಾಂ ಎಂದು ಗೊತ್ತುಪಡಿಸಲಾಗಿದೆ. ಆಡುಮಾತಿನಲ್ಲಿ ಇದನ್ನು "ರಕ್ತ ಕಡಿಮೆ" ಎನ್ನುತ್ತಾರೆ. ಈ ಮಾತು ಸ್ವಲ್ಪ ದಾರಿ ತಪ್ಪಿಸುವಂಥದು. ಏಕೆಂದರೆ ಇಲ್ಲಿ ಕಡಿಮೆಯಾಗುವುದು ರಕ್ತದ ಅಳತೆಯಲ್ಲ, ಅದು ಆಮ್ಲಜನಕವನ್ನು ಹೊತ್ತೊಯ್ಯುವ ಶಕ್ತಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಅದರ ಹಿಂದಿನ ಸುತ್ತಿನಲ್ಲಿ (2015–16) ಈ ಪ್ರಮಾಣ ಶೇ. 45.4 ಆಗಿತ್ತು. ಇದೇ ಅವಧಿಯಲ್ಲಿ ರಾಜ್ಯದ ಆಸ್ಪತ್ರೆ ಹೆರಿಗೆಗಳು ಶೇ. 94ರಿಂದ 97ಕ್ಕೆ ಏರಿದವು. ಹೆರಿಗೆಗೆ ಆಸ್ಪತ್ರೆಗೆ ಹೋಗುವ ರೂಢಿ ಬಹುಮಟ್ಟಿಗೆ ಪೂರ್ಣಗೊಂಡಿದ್ದರೂ, ಒಂಬತ್ತು ತಿಂಗಳು ರಕ್ತವನ್ನು ಕಾಪಾಡಿಕೊಳ್ಳುವ ರೂಢಿ ಇನ್ನೂ ಬೇರೂರಿಲ್ಲ ಎಂಬುದನ್ನು ಈ ಎರಡು ಅಂಕಿಗಳು ಒಟ್ಟಾಗಿ ಹೇಳುತ್ತವೆ. ಪ್ರಸ್ತುತ ಲೇಖನವು ರೋಗದ ಸಾಮಾನ್ಯ ವಿವರಣೆಯ ಜೊತೆಗೆ, ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯಂತಹ ಬಯಲುಸೀಮೆಯ ಹೋಬಳಿಗಳ ಆಹಾರ ಮತ್ತು ಆರೈಕೆಯ ಪದ್ಧತಿಗಳ ಹಿನ್ನೆಲೆಯಲ್ಲಿ ಈ ವಿಷಯವನ್ನು ಪರಿಶೀಲಿಸುತ್ತದೆ.

ಬಸಿರಿನಲ್ಲಿ ರಕ್ತದ ಬದಲಾವಣೆ

ಗರ್ಭ ನಿಂತ ಮೇಲೆ ತಾಯಿಯ ರಕ್ತದ ದ್ರವಭಾಗವಾದ ಪ್ಲಾಸ್ಮಾ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳು ಮಾತ್ರ ಶೇ. 20ರಿಂದ 30ರಷ್ಟು ಹೆಚ್ಚುತ್ತವೆ. ನೀರು ಬೆರೆಸಿದ ಹಾಲಿನಂತೆ ರಕ್ತ ತೆಳುವಾಗುವುದರಿಂದ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. ಆದರೆ ದೇಹದಲ್ಲಿ ಕಬ್ಬಿಣದ ದಾಸ್ತಾನು ಇಲ್ಲದಿದ್ದರೆ ಈ ಸಹಜ ಇಳಿತವೇ ರೋಗವಾಗಿ ಪರಿಣಮಿಸುತ್ತದೆ.

ಒಂದು ಬಸಿರು ತಾಯಿಯಿಂದ ಬೇಡುವ ಕಬ್ಬಿಣ ಒಟ್ಟು ಸುಮಾರು 1000 ಮಿಲಿಗ್ರಾಂ. ಇದರಲ್ಲಿ ಸುಮಾರು 300 ಮಿಲಿಗ್ರಾಂ ಮಗು ಮತ್ತು ಮಾಸಿಗೆ, 500 ಮಿಲಿಗ್ರಾಂ ತಾಯಿಯಲ್ಲಿ ಹೊಸದಾಗಿ ಹುಟ್ಟುವ ರಕ್ತಕಣಗಳಿಗೆ, ಉಳಿದ 200 ಮಿಲಿಗ್ರಾಂ ದಿನನಿತ್ಯ ದೇಹದಿಂದ ಹೊರಹೋಗುವ ನಷ್ಟಕ್ಕೆ ಸಲ್ಲುತ್ತದೆ. ಈ ಬೇಡಿಕೆಯ ದೊಡ್ಡ ಭಾಗ ಬರುವುದು ಐದನೆಯ ತಿಂಗಳಿನಿಂದೀಚೆಗೆ. ಆ ಹೊತ್ತಿಗೆ ಹೊಸದಾಗಿ ಊಟ ಸುಧಾರಿಸಿಕೊಂಡು ಇಷ್ಟನ್ನು ತುಂಬಿಸಿಕೊಳ್ಳುವುದು ಅಸಾಧ್ಯವೆಂದೇ ಹೇಳಬೇಕು. ಆದುದರಿಂದ ಬಸಿರಿಗೆ ಮೊದಲೇ ಹೆಣ್ಣಿನ ದೇಹದಲ್ಲಿ ಎಷ್ಟು ಕಬ್ಬಿಣ ಸಂಗ್ರಹವಾಗಿತ್ತು ಎಂಬುದು ನಿರ್ಣಾಯಕವಾಗುತ್ತದೆ.

ಕಾರಣಗಳು

ಭಾರತದಲ್ಲಿ ಮುಖ್ಯ ಕಾರಣ ಕಬ್ಬಿಣಾಂಶದ ಕೊರತೆ. ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವದ ಕೊರತೆಗಳು ಅದರ ಜೊತೆಗೆ ಸೇರಿಕೊಳ್ಳುತ್ತವೆ. ಬಿ12 ಸಹಜವಾಗಿ ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ ಮಾತ್ರ. ಹೀಗಾಗಿ ಸಸ್ಯಾಹಾರಿ ಮನೆಗಳಲ್ಲಿ, ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಗೆ ಕಾಫಿಯಷ್ಟನ್ನೇ ಉಳಿಸಿಕೊಳ್ಳುವ ಕುಟುಂಬಗಳಲ್ಲಿ ಈ ಕೊರತೆ ಗಮನಕ್ಕೆ ಬಾರದೆ ಬೆಳೆಯುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ನೀಡಿ ನಡೆಸಿದ ಪ್ರಯೋಗವು ಈ ವಿಷಯದಲ್ಲಿ ಉಲ್ಲೇಖಾರ್ಹ.

ಕೊಕ್ಕೆಹುಳು ಇನ್ನೊಂದು ಕಾರಣ. ಬರಿಗಾಲಿನಲ್ಲಿ ಹೊಲ ತೋಟಗಳಲ್ಲಿ ಓಡಾಡುವವರ ಪಾದದ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ನೆಲಸುವ ಈ ಹುಳುಗಳು ದಿನವೂ ಸ್ವಲ್ಪ ಸ್ವಲ್ಪ ರಕ್ತ ಹೀರುತ್ತವೆ. ಇದಕ್ಕಾಗಿಯೇ ಗರ್ಭಾವಸ್ಥೆಯ ಎರಡನೆಯ ತ್ರೈಮಾಸಿಕದಲ್ಲಿ 400 ಮಿಲಿಗ್ರಾಮಿನ ಅಲ್ಬೆಂಡಜೋಲ್ ಮಾತ್ರೆಯನ್ನು ಒಮ್ಮೆ ನುಂಗಿಸುವ ಕ್ರಮವಿದೆ. ಮಲೇರಿಯಾ, ದೀರ್ಘಕಾಲದ ಸೋಂಕುಗಳು, ಮುಟ್ಟಿನಲ್ಲಿ ಅಧಿಕ ಸ್ರಾವ, ಹೆರಿಗೆಗಳ ನಡುವೆ ಸಾಕಷ್ಟು ಅಂತರವಿಲ್ಲದಿರುವುದು ಇತರ ಕಾರಣಗಳು. ಥಲಸ್ಸೇಮಿಯಾ, ಕುಡಗೋಲು ಕಣ ರೋಗಗಳಂತಹ ಅನುವಂಶೀಯ ದೋಷಗಳಿಂದಲೂ ರಕ್ತಹೀನತೆ ಬರುತ್ತದೆ. ಅಂಥವರಿಗೆ ಬರಿಯ ಕಬ್ಬಿಣದ ಮಾತ್ರೆ ಉತ್ತರವಲ್ಲ.

ಎಳೆವಯಸ್ಸಿನ ಮದುವೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಕರ್ನಾಟಕದಲ್ಲಿ 20–24 ವಯಸ್ಸಿನ ಮಹಿಳೆಯರಲ್ಲಿ ಸರಿಸುಮಾರು ಐವರಿಗೊಬ್ಬರು 18 ತುಂಬುವ ಮೊದಲೇ ಮದುವೆಯಾದವರು ಎಂದು ಮೇಲೆ ಹೇಳಿದ ಸಮೀಕ್ಷೆ ದಾಖಲಿಸಿದೆ. ತನ್ನ ಬೆಳವಣಿಗೆಯೇ ಮುಗಿಯದ ಹುಡುಗಿ ಬಸಿರಾದಾಗ, ಇರುವ ಅಲ್ಪ ಕಬ್ಬಿಣಕ್ಕೆ ತಾಯಿ ಮಗು ಇಬ್ಬರೂ ಪಾಲುದಾರರಾಗುತ್ತಾರೆ.

ಲಕ್ಷಣಗಳು ಮತ್ತು ಪತ್ತೆ

ಆಯಾಸ, ಏದುಸಿರು, ತಲೆಸುತ್ತು, ಎದೆಬಡಿತ, ಕಾಲಿನಲ್ಲಿ ಊತ, ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ ಮತ್ತು ಉಗುರುಗಳು ಬಿಳಿಚಿಕೊಳ್ಳುವುದು ಸಾಮಾನ್ಯ ಲಕ್ಷಣಗಳು. ಸೌಮ್ಯ ರಕ್ತಹೀನತೆಯಲ್ಲಿ ಯಾವ ಲಕ್ಷಣವೂ ಕಾಣದಿರಬಹುದು. ಕಂಡರೂ "ಬಸುರಿಗೆ ಸುಸ್ತು ಇದ್ದದ್ದೇ" ಎಂಬ ಸಮಾಧಾನದಲ್ಲಿ ಅದು ಮುಚ್ಚಿಹೋಗುತ್ತದೆ.

ಮಣ್ಣು, ಬೂದಿ, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸುವ ಬಯಕೆಯನ್ನು ನಮ್ಮಲ್ಲಿ ಬಸುರಿ ಬಯಕೆಗಳ ಸಾಲಿಗೆ ಸೇರಿಸಿ ನಕ್ಕು ಬಿಡುವ ರೂಢಿಯಿದೆ. ವೈದ್ಯಶಾಸ್ತ್ರದಲ್ಲಿ ಇದು ಕಬ್ಬಿಣಾಂಶ ಕೊರತೆಯ ಗುರುತಿಸಲ್ಪಟ್ಟ ಸೂಚನೆ. ಮಣ್ಣು ತಿನ್ನುವುದರಿಂದ ಹುಳುಗಳ ಬಾಧೆ ಇನ್ನಷ್ಟು ಹೆಚ್ಚಬಹುದು. ಇಂಥ ಬಯಕೆಯನ್ನು ನಾಚಿಕೆಯಿಂದ ಮರೆಮಾಚದೆ ಆರೋಗ್ಯ ಸಹಾಯಕಿಗೆ ತಿಳಿಸುವುದು ಉಚಿತ.

ಖಚಿತ ಪತ್ತೆಗೆ ರಕ್ತಪರೀಕ್ಷೆಯೊಂದೇ ದಾರಿ. ಬಹುಕಾಲ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ಬಳಕೆಯಲ್ಲಿದ್ದುದು ಸಾಹ್ಲಿ ವಿಧಾನ. ರಕ್ತಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಮೂಡಿದ ಕಂದು ಬಣ್ಣವನ್ನು ಮಾದರಿ ಗಾಜಿನ ಬಣ್ಣಕ್ಕೆ ಕಣ್ಣಂದಾಜಿನಲ್ಲಿ ಹೋಲಿಸುವ ಈ ಕ್ರಮದಲ್ಲಿ ನೋಡುವವರ ಕಣ್ಣು, ಕೋಣೆಯ ಬೆಳಕು ಎರಡೂ ಫಲಿತಾಂಶದೊಳಗೆ ಸೇರಿಬಿಡುತ್ತಿದ್ದವು. ಈಗ ಬೆರಳ ತುದಿಯ ಒಂದು ಹನಿಯಿಂದ ಅಂಕಿ ತೋರಿಸುವ ಡಿಜಿಟಲ್ ಮಾಪಕಗಳು ಬಂದಿವೆ. ಹಿಮೋಗ್ಲೋಬಿನ್ 10ರಿಂದ 10.9 ಗ್ರಾಂ ಇದ್ದರೆ ಸೌಮ್ಯ, 7ರಿಂದ 9.9 ಇದ್ದರೆ ಮಧ್ಯಮ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ಎಂದು ವಿಂಗಡಿಸಲಾಗಿದೆ.

ಪರಿಣಾಮಗಳು

ರಕ್ತಹೀನತೆಯುಳ್ಳ ತಾಯಿಗೆ ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು, ಸೋಂಕು ಮತ್ತು ಹೃದಯ ವೈಫಲ್ಯದ ಅಪಾಯ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದದ್ದು ಹೆರಿಗೆಯ ನಂತರದ ರಕ್ತಸ್ರಾವ. ಆರೋಗ್ಯವಂತ ತಾಯಿ ತಡೆದುಕೊಳ್ಳುವಷ್ಟು ರಕ್ತನಷ್ಟವೂ ಹಿಮೋಗ್ಲೋಬಿನ್ 6 ಅಥವಾ 7 ಇರುವವರಿಗೆ ಪ್ರಾಣಾಂತಿಕವಾಗಬಲ್ಲದು. ಪಾಕಿಸ್ತಾನ, ನೈಜೀರಿಯಾ, ಟಾಂಜಾನಿಯಾ, ಜಾಂಬಿಯಾ ದೇಶಗಳ ತಾಯಂದಿರನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ರಕ್ತಹೀನತೆ ತೀವ್ರವಾದಷ್ಟೂ ಇಂಥ ಸ್ರಾವವಾಗುವ ಸಂಭವವೂ ಹೆಚ್ಚುತ್ತದೆ ಎಂದು ತೋರಿಸಿತು. ಕರ್ನಾಟಕದ ತಾಯಂದಿರ ಮರಣ ಪ್ರಮಾಣ 2018–20ರ ಅಂದಾಜಿನಂತೆ ಪ್ರತಿ ಲಕ್ಷ ಜೀವಂತ ಜನನಗಳಿಗೆ 69. ರಾಷ್ಟ್ರೀಯ ಸರಾಸರಿಯಾದ 97ಕ್ಕೆ ಹೋಲಿಸಿದರೆ ಇದು ಉತ್ತಮ. ಆದರೆ ಅದೇ ಅವಧಿಯ ಕೇರಳದ 19ರ ಪಕ್ಕದಲ್ಲಿಟ್ಟು ನೋಡಿದಾಗ ತೃಪ್ತಿಪಡುವಂಥದಲ್ಲ.

ಮಗು ತನ್ನ ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣವನ್ನು ತಾಯಿಯ ಗರ್ಭದಿಂದಲೇ ಕಟ್ಟಿಕೊಂಡು ಬರಬೇಕು. ತಾಯಿಯಲ್ಲೇ ಇಲ್ಲದಿದ್ದರೆ ಆ ಬುತ್ತಿ ಬರಿದಾಗಿರುತ್ತದೆ. ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನತೆ ಇರುವುದಕ್ಕೆ ಇದೂ ಒಂದು ಕಾರಣ. ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಕನಿಷ್ಠ ಒಂದು ನಿಮಿಷ ತಡೆದರೆ ಮಾಸಿಯಲ್ಲಿರುವ ರಕ್ತ ಮಗುವಿಗೆ ಹರಿದು ಈ ಸಂಗ್ರಹ ಸ್ವಲ್ಪ ಹೆಚ್ಚುತ್ತದೆ.

ಭಾರತದಲ್ಲಿ ನಡೆದ ಆರಂಭದ ಸಂಶೋಧನೆ

ಈ ರೋಗದ ಅಧ್ಯಯನಕ್ಕೆ ಭಾರತದ ಕೊಡುಗೆ ಹಿರಿದು. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು, ಅಲ್ಲಿನ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯ ಕಾರಣ ಹುಡುಕತೊಡಗಿದರು. ತಮಿಳುನಾಡಿನ ಕೂನೂರಿನಲ್ಲಿಯೂ ಅವರು ಪ್ರಯೋಗ ನಡೆಸಿದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರವನ್ನು ತಿನ್ನಿಸಿದಾಗ ರೋಗಿಗಳು ಬೇಗನೆ ಚೇತರಿಸಿಕೊಂಡರು. 1931ರಲ್ಲಿ ಪ್ರಕಟವಾದ ಈ ಶೋಧದಿಂದ ಆ ಅಜ್ಞಾತ ಪೋಷಕಾಂಶಕ್ಕೆ "ವಿಲ್ಸ್ ಅಂಶ" ಎಂಬ ಹೆಸರು ಬಂದಿತು. ಮುಂದೆ 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಲಾದ ಫೋಲಿಕ್ ಆಮ್ಲವೇ ಅದು. ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ತಂಡದ ನೇತೃತ್ವ ವಹಿಸಿದ್ದವರು ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದುಕೊಡುವ ಕೆಂಪು ಮಾತ್ರೆಯೊಳಗೆ ಕಬ್ಬಿಣದ ಜೊತೆಗಿರುವುದು ಈ ಫೋಲಿಕ್ ಆಮ್ಲವೇ.

ಮಾತ್ರೆಯ ಕಾರ್ಯಕ್ರಮ ಮತ್ತು ಅದರ ಕೊರತೆಗಳು

ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆಯನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಭಾರತದಲ್ಲಿ 1970ರಲ್ಲಿಯೇ ಆರಂಭವಾಯಿತು. ಬೇರೆ ಬೇರೆ ಹೆಸರುಗಳಲ್ಲಿ ಮುಂದುವರಿದ ಅದು 2013ರಲ್ಲಿ ರಾಷ್ಟ್ರೀಯ ಐರನ್ ಪ್ಲಸ್ ಉಪಕ್ರಮವಾಗಿ, 2018ರಲ್ಲಿ ಅನೀಮಿಯಾ ಮುಕ್ತ ಭಾರತವಾಗಿ ರೂಪಾಂತರಗೊಂಡಿತು. ಈಗಿನ ಕ್ರಮದಂತೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತೆಗೆದುಕೊಳ್ಳಬೇಕು.

ಅರ್ಧ ಶತಮಾನ ಕಳೆದರೂ ದೇಶದ ಅರ್ಧದಷ್ಟು ಗರ್ಭಿಣಿಯರು ರಕ್ತಹೀನರಾಗಿಯೇ ಉಳಿದಿರುವುದೇಕೆ? ಮಾತ್ರೆ ಕೆಲಸ ಮಾಡುವುದಿಲ್ಲ ಎಂಬುದು ಉತ್ತರವಲ್ಲ. ಕೈಗೆ ಬಂದ ಮಾತ್ರೆ ಹೊಟ್ಟೆಗೆ ಹೋಗುವುದಿಲ್ಲ ಎಂಬುದೇ ಉತ್ತರದ ಬಹುಪಾಲು. 2019–21ರ ಸಮೀಕ್ಷೆಯಲ್ಲಿ 100 ದಿನ ಮಾತ್ರೆ ಸೇವಿಸಿದ ತಾಯಂದಿರು ದೇಶದಲ್ಲಿ ಶೇ. 44.1 ಮಾತ್ರ. 180 ದಿನ ಪೂರೈಸಿದವರು ಶೇ. 26. ಮಾತ್ರೆ ತೆಗೆದುಕೊಂಡಾಗ ವಾಕರಿಕೆ, ಹೊಟ್ಟೆಯುರಿ, ಮಲಬದ್ಧತೆ ಕಾಣಿಸಿಕೊಳ್ಳುವುದುಂಟು. ಮಲ ಕಪ್ಪಾಗುತ್ತದೆ. ಇದು ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣವಷ್ಟೇ, ಅಪಾಯವಲ್ಲ. ಇದನ್ನು ಮೊದಲೇ ತಿಳಿಸದಿದ್ದರೆ ಹೆದರಿದ ಹೆಂಗಸು ಮೂರನೆಯ ದಿನವೇ ಮಾತ್ರೆಯನ್ನು ಗೂಡಿನಲ್ಲಿ ಎತ್ತಿಟ್ಟುಬಿಡುತ್ತಾಳೆ. ಮಾತ್ರೆ "ಉಷ್ಣ", ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಮಗು ಕಪ್ಪಾಗುತ್ತದೆ ಎಂಬ ನಂಬಿಕೆಗಳೂ ಕೆಲವೆಡೆ ಇವೆ. ಇವುಗಳಿಗೆ ಆಧಾರವಿಲ್ಲ.

ವಾಕರಿಕೆ ಬರುವವರು ರಾತ್ರಿ ಊಟವಾದ ಮೇಲೆ, ಮಲಗುವ ಮುನ್ನ ಮಾತ್ರೆ ತೆಗೆದುಕೊಂಡರೆ ತೊಂದರೆ ಕಡಿಮೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದೇ ಅವಧಿಯಲ್ಲಿ ದಿನಕ್ಕೆ ಎರಡರಂತೆ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಡೆಯುವುದರಿಂದ ನಡುವೆ ಕನಿಷ್ಠ ಎರಡು ಗಂಟೆಗಳ ಅಂತರವಿರಬೇಕು. ಮಾತ್ರೆಗಳ ಪೊಟ್ಟಣವನ್ನು ಕೈಗಿಡುವಾಗ ಈ ಒಂದು ವಾಕ್ಯವನ್ನು ಸೇರಿಸಿ ಹೇಳುವುದು ಮಾತ್ರೆಯಷ್ಟೇ ಮುಖ್ಯ.

ಬಯಲುಸೀಮೆಯ ಊಟ ಮತ್ತು ಕಬ್ಬಿಣಾಂಶ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ಜಡಿಮಳೆ ಕಣ್ಣಮುಂದೆ ಬರುತ್ತವೆ. ಕಡೂರು ಮತ್ತು ಅಜ್ಜಂಪುರದ ಕಡೆಯ ಚಿತ್ರ ಬೇರೆ. ಇದು ಪಶ್ಚಿಮಘಟ್ಟದ ಮಳೆನೆರಳಿನ ಒಣಭೂಮಿ. ಪಂಚನಹಳ್ಳಿ ಸೀಮೆಯಲ್ಲಿ ತೆಂಗು ಮತ್ತು ರಾಗಿ ಪ್ರಧಾನ. ಊಟ ಎಂದರೆ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ.

ಈ ಊಟ ಕಬ್ಬಿಣದ ದೃಷ್ಟಿಯಿಂದ ಬಡವಾದದ್ದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 4.62 ಮಿಲಿಗ್ರಾಂ ಕಬ್ಬಿಣ, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇದರ ಸಣ್ಣದೊಂದು ಅಂಶ ಮಾತ್ರ. ಆದರೆ ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೊಳಕೆ ಬರಿಸಿ ಹಿಟ್ಟು ಮಾಡಿದಾಗ, ಹುದುಗು ಬರಿಸಿದಾಗ ಫೈಟೇಟ್ ಕಡಿಮೆಯಾಗುತ್ತದೆ. ಕೂಸುಗಳಿಗೆಂದು ಮನೆಮನೆಗಳಲ್ಲಿ ಮಾಡುವ ಮೊಳಕೆ ರಾಗಿಯ ಸರಿಹಿಟ್ಟು ಬಸುರಿಗೂ ಅಷ್ಟೇ ಯೋಗ್ಯ ಎಂಬುದು ಏಕೋ ನಮಗೆ ಹೊಳೆಯುವುದಿಲ್ಲ.

ಬಸ್ಸಾರು ಗಮನಾರ್ಹ ಅಡುಗೆ. ಸೊಪ್ಪು ಕಾಳು ಬೇಯಿಸಿ, ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡಿ, ಉಳಿದದ್ದನ್ನು ಪಲ್ಯ ಮಾಡುವುದು ಇದರ ಕ್ರಮ. ಫೋಲಿಕ್ ಆಮ್ಲ ನೀರಿನಲ್ಲಿ ಕರಗುವ ವಸ್ತು. ಬೇಯುವಾಗ ಅದರ ಒಂದು ಪಾಲು ಕಟ್ಟಿಗೆ ಇಳಿಯುತ್ತದೆ. ಕಟ್ಟು ಚೆಲ್ಲುವ ಅಡುಗೆಯಲ್ಲಿ ನಷ್ಟವಾಗುವುದು ಬಸ್ಸಾರಿನಲ್ಲಿ ಬಟ್ಟಲಿಗೇ ಮರಳುತ್ತದೆ. ದಂಟು, ಕೀರೆ, ಹೊನಗೊನೆ, ನುಗ್ಗೆ ಸೊಪ್ಪುಗಳು ಹಣ ಕೊಡದೆ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಸಿಗುವಂಥವು. ಬಡಿಸಿದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಸಿ ಜೀವಸತ್ವ ಸಸ್ಯಮೂಲದ ಕಬ್ಬಿಣದ ಹೀರಿಕೆಯನ್ನು ಗಣನೀಯವಾಗಿ ಹೆಚ್ಚಿಸುತ್ತದೆ. ಕುದಿಯುವಾಗ ಹಿಂಡಿದರೆ ಶಾಖಕ್ಕೆ ಆ ಜೀವಸತ್ವ ನಾಶವಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ, ಅದರಲ್ಲೂ ಹುಣಿಸೆ ಹುಳಿ ಹಾಕಿ ಬೇಯಿಸಿದ ಅಡುಗೆಗೆ ಪಾತ್ರೆಯಿಂದಲೂ ಕಬ್ಬಿಣ ಸೇರುತ್ತದೆ. ಅಂಟದ ಲೇಪನದ ಪಾತ್ರೆಗಳು ಈ ಸದ್ದಿಲ್ಲದ ಲಾಭವನ್ನು ಅಡುಗೆಮನೆಯಿಂದ ಹೊರಹಾಕಿವೆ.

ಊಟದ ಜೊತೆಗೆ, ಅಥವಾ ಊಟವಾದೊಡನೆ ಕಾಫಿ ಚಹಾ ಕುಡಿಯುವ ಅಭ್ಯಾಸ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಇವುಗಳಲ್ಲಿರುವ ಪಾಲಿಫೀನಾಲ್‌ಗಳು ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿ ಬಿಡಿರೆಂದು ಹೇಳುವುದು ಕಷ್ಟ. ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರ ಇಟ್ಟುಕೊಳ್ಳಿರೆಂದು ಹೇಳಬಹುದು.

ಪಥ್ಯದ ನಂಬಿಕೆಗಳು

ಕರ್ನಾಟಕದ ಬಹುಭಾಗಗಳಲ್ಲಿ ಆಹಾರವನ್ನು ಉಷ್ಣ, ತಂಪು, ನಂಜು ಎಂದು ವಿಂಗಡಿಸುವ ಪದ್ಧತಿಯಿದೆ. ಗರ್ಭ ಇಳಿದೀತೆಂಬ ಭಯದಿಂದ ಬಸುರಿಗೆ ಉಷ್ಣದ ಪದಾರ್ಥಗಳನ್ನು ಕೊಡುವುದಿಲ್ಲ. ಪರಂಗಿಹಣ್ಣು, ಎಳ್ಳು, ಹುರುಳಿ ಈ ಪಟ್ಟಿಯಲ್ಲಿ ಬರುತ್ತವೆ. ಎಳ್ಳು ಮತ್ತು ಹುರುಳಿ ನಮ್ಮ ಸೀಮೆಯ ಧಾನ್ಯಗಳಲ್ಲಿಯೇ ಹೆಚ್ಚು ಕಬ್ಬಿಣಾಂಶ ಉಳ್ಳವು ಎಂಬುದು ಇಲ್ಲಿನ ವಿಪರ್ಯಾಸ.

ಮಿಮಿ ನಿಕ್ಟರ್ ಮತ್ತು ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನವು ಬಸಿರಿನ ಬಗೆಗಿನ ಜನರ ತಿಳಿವಳಿಕೆಯನ್ನು ಗೌರವದಿಂದ ದಾಖಲಿಸಿದೆ. ಹೊಟ್ಟೆಯೊಳಗೆ ಊಟಕ್ಕೂ ಮಗುವಿಗೂ ಒಂದೇ ಜಾಗ, ಹೆಚ್ಚು ಉಂಡರೆ ಮಗುವಿಗೆ ಇರಲು ಸ್ಥಳ ಸಾಲದು ಎಂಬ ಭಾವನೆ ಅಲ್ಲಿ ಹಲವರಲ್ಲಿತ್ತು. ಮಗು ಸಣ್ಣದಾಗಿದ್ದರೆ ಹೆರಿಗೆ ಸುಲಭವೆಂದು ಬಯಸುವವರೂ ಇದ್ದರು. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಶಸ್ತ್ರಚಿಕಿತ್ಸೆಯ ಸೌಲಭ್ಯ ದೂರವಿದ್ದ ಕಾಲದಲ್ಲಿ ದೊಡ್ಡ ಮಗುವಿನ ಹೆರಿಗೆ ಎಂದರೆ ನಿಜವಾಗಿಯೂ ಪ್ರಾಣಭಯ. ಭಯದ ಕಾರಣ ಈಗ ಬಹುಮಟ್ಟಿಗೆ ಹೋಗಿದ್ದರೂ ಪಥ್ಯ ಉಳಿದುಕೊಂಡಿದೆ.

ನಂಬಿಕೆಗಿಂತಲೂ ಗಟ್ಟಿಯಾದದ್ದು ಮನೆಯ ಪಂಕ್ತಿಯ ಕ್ರಮ. ಗಂಡಸರು, ಮಕ್ಕಳು, ಹಿರಿಯರು ಉಂಡ ಮೇಲೆ ಸೊಸೆ ಕೂರುವ ಮನೆಯಲ್ಲಿ ತಳದಲ್ಲಿ ಉಳಿದ ಸಾರು, ಸೋಸಿ ಹೋದ ಕಾಳು ಅವಳ ಪಾಲು. ಈ ಕ್ರಮವನ್ನು ಬದಲಿಸಬಲ್ಲವರು ಹೆಚ್ಚಿನ ಮನೆಗಳಲ್ಲಿ ಅತ್ತೆಯವರೇ. ಪೌಷ್ಟಿಕಾಂಶದ ಪಾಠವನ್ನು ಬಸುರಿಗೆ ಮಾತ್ರ ಹೇಳಿ ಬರುವುದರಿಂದ ಪ್ರಯೋಜನ ಕಡಿಮೆ.

ಅಂಗನವಾಡಿಯ ಬಿಸಿಯೂಟ

ಮನೆಯ ಪಂಕ್ತಿಯನ್ನು ದಾಟಿ ನೇರವಾಗಿ ಗರ್ಭಿಣಿಯ ತಟ್ಟೆಗೆ ಊಟ ತಲುಪಿಸುವ ಉದ್ದೇಶದಿಂದ ಕರ್ನಾಟಕ ಸರ್ಕಾರವು ಅಕ್ಟೋಬರ್ 2017ರಲ್ಲಿ ಮಾತೃಪೂರ್ಣ ಯೋಜನೆಯನ್ನು ರಾಜ್ಯದಾದ್ಯಂತ ಜಾರಿಗೆ ತಂದಿತು. ಗರ್ಭಿಣಿ ಮತ್ತು ಬಾಣಂತಿಯರು ಅಂಗನವಾಡಿಗೆ ಬಂದು ಮಧ್ಯಾಹ್ನದ ಊಟ, ಮೊಟ್ಟೆ, ಹಾಲು, ಕಡಲೆಬೀಜ ಬೆಲ್ಲದ ಚಿಕ್ಕಿ ಸೇವಿಸಿ, ಕಬ್ಬಿಣದ ಮಾತ್ರೆಯನ್ನು ಅಲ್ಲಿಯೇ ಕಾರ್ಯಕರ್ತೆಯ ಎದುರು ನುಂಗಬೇಕೆಂಬುದು ಇದರ ಕಲ್ಪನೆ. ಮಾತ್ರೆ ಹೊಟ್ಟೆಗೆ ಹೋಗುವುದನ್ನು ಖಚಿತಪಡಿಸುವ ಅಂಶವೇ ಇದರ ಜಾಣ್ಮೆ. ತುಂಬು ಬಸುರಿ ಬಿಸಿಲಿನಲ್ಲಿ ನಡೆದು ಬರುವುದು, ಕೂಲಿಯ ದಿನಗಳಲ್ಲಿ ಬಿಡುವಿಲ್ಲದಿರುವುದು, ಮನೆಯ ಹೊರಗೆ ಕುಳಿತು ಉಣ್ಣಲು ಸಂಕೋಚ ಇದರ ತೊಡಕುಗಳು.

ತಪಾಸಣೆ ಮತ್ತು ತಾಯಿ ಕಾರ್ಡ್

ಗರ್ಭಿಣಿಗೆ ಕನಿಷ್ಠ ನಾಲ್ಕು ತಪಾಸಣೆಗಳು ಆಗಬೇಕು: ಮೊದಲನೆಯದು 12 ವಾರಗಳ ಒಳಗೆ, ಅನಂತರ 14ರಿಂದ 26, 28ರಿಂದ 34, ಕೊನೆಗೆ 36 ವಾರಗಳ ಬಳಿಕ. ಪ್ರತಿ ಸಲವೂ ಹಿಮೋಗ್ಲೋಬಿನ್ ನೋಡಿ ತಾಯಿ ಕಾರ್ಡಿನಲ್ಲಿ ಬರೆಯಬೇಕು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಡಿಯಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ.

ಚೊಚ್ಚಲ ಬಸುರಿಯನ್ನು ಸೀಮಂತದ ನಂತರ ತವರಿಗೆ ಕರೆತರುವುದು ನಮ್ಮಲ್ಲಿ ಪ್ರೀತಿಯ ಸಂಪ್ರದಾಯ. ಆರೈಕೆಯ ದೃಷ್ಟಿಯಿಂದಲೂ ಒಳ್ಳೆಯದೇ. ಆದರೆ ಕಬ್ಬಿಣದ ಬೇಡಿಕೆ ಶಿಖರ ಮುಟ್ಟುವ ಏಳನೆಯ ಎಂಟನೆಯ ತಿಂಗಳಲ್ಲಿಯೇ ಅವಳು ಒಬ್ಬ ಆಶಾ ಕಾರ್ಯಕರ್ತೆಯ ವ್ಯಾಪ್ತಿಯಿಂದ ಇನ್ನೊಬ್ಬರ ವ್ಯಾಪ್ತಿಗೆ ದಾಟುತ್ತಾಳೆ. ಗಂಡನ ಊರಿನ ದಾಖಲೆಯಲ್ಲಿ ಹೆಸರಿದ್ದು ಅವಳಿಲ್ಲ, ತವರೂರಿನಲ್ಲಿ ಅವಳಿದ್ದು ಹೆಸರಿಲ್ಲ ಎಂಬ ಸ್ಥಿತಿ ಉಂಟಾಗಬಹುದು. ಸೀರೆ ಬಳೆಗಳ ಜೊತೆಗೆ ತಾಯಿ ಕಾರ್ಡನ್ನೂ ಉಳಿದ ಮಾತ್ರೆಗಳನ್ನೂ ಚೀಲಕ್ಕೆ ಹಾಕಿ, ತವರು ತಲುಪಿದ ವಾರದೊಳಗೆ ಅಲ್ಲಿನ ಉಪಕೇಂದ್ರದಲ್ಲಿ ತೋರಿಸಿದರೆ ಈ ಕೊಂಡಿ ಕಳಚುವುದಿಲ್ಲ.

ಚಿಕಿತ್ಸೆ

ಹಿಮೋಗ್ಲೋಬಿನ್ 7ರಿಂದ 10.9 ಇರುವವರಿಗೆ ದಿನಕ್ಕೆ ಎರಡು ಮಾತ್ರೆ ಕೊಟ್ಟು ಪ್ರತಿ ತಿಂಗಳು ಮರುಪರೀಕ್ಷೆ ಮಾಡಲಾಗುತ್ತದೆ. ತಿಂಗಳಲ್ಲಿ ಒಂದು ಗ್ರಾಂ ಕೂಡ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು. 5ರಿಂದ 6.9 ಇರುವವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣ ನೀಡಲಾಗುತ್ತದೆ. ಕೊನೆಯ ಮೂರು ತಿಂಗಳಲ್ಲಿದ್ದರೆ ಕೂಡಲೇ ದಾಖಲಾಗಬೇಕು. 5ಕ್ಕಿಂತ ಕಡಿಮೆಯಿದ್ದರೆ ಯಾವ ತಿಂಗಳಾದರೂ ತಕ್ಷಣ ದಾಖಲಾತಿ, ಅಗತ್ಯವಿದ್ದಲ್ಲಿ ರಕ್ತ ಪೂರಣ. ಪಂಚನಹಳ್ಳಿಯ ಕಡೆಯವರಿಗೆ ಇದರ ಅರ್ಥ ಕಡೂರಿನ ತಾಲ್ಲೂಕು ಆಸ್ಪತ್ರೆ ಅಥವಾ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯವರೆಗಿನ ಪ್ರಯಾಣ. ನೋವು ಆರಂಭವಾದ ಮೇಲೆ ಮಾಡುವ ಈ ಪ್ರಯಾಣಕ್ಕೂ ಏಳನೆಯ ತಿಂಗಳಲ್ಲಿ ನಿಶ್ಚಿಂತೆಯಿಂದ ಮಾಡುವ ಪ್ರಯಾಣಕ್ಕೂ ಅಜಗಜಾಂತರ.

ಮಧ್ಯಮ ರಕ್ತಹೀನತೆಯಲ್ಲಿಯೂ ಒಂದೇ ಬಾರಿ ರಕ್ತನಾಳಕ್ಕೆ ಕಬ್ಬಿಣ ನೀಡುವುದು ದಿನನಿತ್ಯದ ಮಾತ್ರೆಗಿಂತ ಮೇಲೇ ಎಂಬುದನ್ನು ಪರೀಕ್ಷಿಸಲು ರ‍್ಯಾಪಿಡ್ ಐರನ್ ಎಂಬ ಪ್ರಯೋಗವನ್ನು 2021ರಲ್ಲಿ ಆರಂಭಿಸಲಾಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮುಖ್ಯ ಪಾತ್ರ ವಹಿಸಿದ ಈ ಪ್ರಯೋಗವನ್ನು ಕರ್ನಾಟಕ ಮತ್ತು ರಾಜಸ್ಥಾನಗಳ 4320 ಗರ್ಭಿಣಿಯರಿಗಾಗಿ ರೂಪಿಸಲಾಗಿತ್ತು.

ಹರೆಯ ಮತ್ತು ಬಾಣಂತನ

ಬಸಿರಿಗೆ ಮೊದಲೇ ಸಂಗ್ರಹ ಬೇಕೆಂಬ ಕಾರಣದಿಂದ ಆರನೆಯ ತರಗತಿಯಿಂದ ಮೇಲ್ಪಟ್ಟ ವಿದ್ಯಾರ್ಥಿಗಳಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುವ ಕಾರ್ಯಕ್ರಮ ಶಾಲೆಗಳಲ್ಲಿದೆ. ಬಿಸಿಯೂಟದ ನಂತರ, ಶಿಕ್ಷಕರ ಎದುರಿನಲ್ಲಿಯೇ ಅದನ್ನು ನುಂಗಿಸಬೇಕು. ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ ಮಾತ್ರೆಯನ್ನು ಕೈಗೆ ಕೊಟ್ಟು ಕಳುಹಿಸಿದರೆ ಅದು ಶಾಲೆಯ ಕಾಂಪೌಂಡಿನಾಚೆ ಬಿದ್ದಿರುವ ಸಂಭವವೇ ಹೆಚ್ಚು. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯ ಮೂಲಕ ಇದೇ ಮಾತ್ರೆ ದೊರೆಯುತ್ತದೆ.

ಹೆರಿಗೆಯೊಂದಿಗೆ ಆರೈಕೆ ಮುಗಿಯಿತೆಂಬ ಭಾವನೆಯಿಂದ ಬಾಣಂತನದಲ್ಲಿ ಮಾತ್ರೆಯನ್ನು ನಿಲ್ಲಿಸಿಬಿಡುವುದು ಸಾಮಾನ್ಯ. ಕೊಬ್ಬರಿ, ಖರ್ಜೂರ, ಬೆಲ್ಲದ ಅಂಟಿನುಂಡೆ ಕೊಡುವ ಮನೆಗಳಲ್ಲಿಯೇ ಮಗುವಿಗೆ ಶೀತವಾದೀತೆಂದು ಸೊಪ್ಪು ತರಕಾರಿಗಳನ್ನು ದೂರವಿಟ್ಟು ಮೆಣಸಿನ ಸಾರು ಅನ್ನದಲ್ಲಿ ತಿಂಗಳು ಕಳೆಯುವುದೂ ಉಂಟು. ಹೆರಿಗೆಯಲ್ಲಿ ಕಳೆದುಕೊಂಡ ರಕ್ತವನ್ನು ತುಂಬಿಕೊಳ್ಳಲು ದೇಹಕ್ಕೆ ತಿಂಗಳುಗಳೇ ಬೇಕು. ಹೆರಿಗೆಯ ನಂತರದ 180 ಮಾತ್ರೆಗಳು ಇದಕ್ಕಾಗಿ. ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿರಲೆಂದು ಆರೋಗ್ಯ ಇಲಾಖೆ ಸಲಹೆ ನೀಡುತ್ತದೆ.